ರಸ್ತೆ ಇಳಿಸಿದ ಸೋದರಮಾವ

ನನ್ನ ಸೋದರಮಾವ ಈ ಎಪ್ಪತ್ತು ವರ್ಷಗಳಲ್ಲಿ ತಲೆ ಎತ್ತಿ ನೋಡಿದ್ದು ಯಾವುದೂ ಇಲ್ಲ. ಪಾಪ, ವಿನಯವಂತ ಎಂದುಕೊಂಡಿರಾ? ಆ ಗುಣ ಅವನ ಓಣಿಯ ಹತ್ತಿರವೂ ಸುಳಿದಿಲ್ಲ. ಅವನು ಕೆಳಗೆ ನೋಡುವುದು ರಸ್ತೆ ನೋಡಲಿಕ್ಕೆ. ಅಂಜನಾದ್ರಿ ಬೆಟ್ಟಕ್ಕೆ ಹನ್ನೊಂದು ಸಲ ಹೋಗಿ ಬಂದಿದ್ದಾನೆ. ದೇವರಿಗೆ ಯಾವ ಅಲಂಕಾರ ಮಾಡಿದ್ದರು ಎಂದು ಕೇಳಿದರೆ ನಮ್ಮ ಮುಖ ನೋಡುತ್ತಾನೆ. ಗಂಗಾವತಿಯಿಂದ ಬೆಟ್ಟದ ಬುಡದವರೆಗೆ ರಸ್ತೆಗೆ ಎಷ್ಟು ತೇಪೆ ಹಚ್ಚಿದ್ದಾರೆ, ಯಾವ ತೇಪೆ ಯಾವ ಮಳೆಗಾಲದ್ದು ಎಂದು ಕೇಳಿ ನೋಡಿ, ನಿಮ್ಮ ಕೈಯಲ್ಲಿನ ಚಹಾ ಆರಿ ತಣ್ಣಗಾಗುವವರೆಗೆ ಹೇಳುತ್ತಾನೆ. ಇಂಥ ಭಕ್ತನಿಗೆ ದೇವರಾದರೂ ಏನು ಕೊಟ್ಟಾನು?

ಎದುರಿಗೆ ನಾನು ಅವನನ್ನು ‘ನೀವು’ ಎಂದೇ ಮಾತಾಡಿಸುತ್ತೇನೆ. ಬೆನ್ನ ಹಿಂದೆ ಏಕವಚನ. ಇದು ನಮ್ಮ ಮನೆತನದಲ್ಲಿ ಎಲ್ಲರೂ ಪಾಲಿಸಿಕೊಂಡು ಬಂದ ಪದ್ಧತಿ. ಇಲ್ಲಿ ಬರೆದದ್ದನ್ನು ಅವನು ಓದಿಯಾನೆಂಬ ಭಯ ನನಗಿಲ್ಲ. ದಾರಿಯಲ್ಲಿ ಕಾಗದ ಬಿದ್ದಿದ್ದರೆ ಅದನ್ನು ಕಾಲಿನಿಂದ ಸರಿಸಿ, ಕೆಳಗಿನ ಡಾಂಬರು ಓದುವ ಪೈಕಿ ಅವನು.

ರಸ್ತೆ ಗ್ಯಾಂಗಿನಲ್ಲಿ ಜಲ್ಲಿ ಕಡಿ ಹೊರುವ ಕೂಲಿಯಾಗಿ ಸೇರಿ, ಮೇಸ್ತ್ರಿಯಾಗಿ ನಿವೃತ್ತನಾದವನು. ನಿವೃತ್ತನಾಗಿ ಹತ್ತು ವರ್ಷವಾಯಿತು. ಈ ಸಂಗತಿ ಅವನ ಕಚೇರಿಗೆ ಗೊತ್ತು, ಪಿಂಚಣಿ ಕೊಡುವ ಬ್ಯಾಂಕಿಗೆ ಗೊತ್ತು, ಗಂಗಾವತಿಯ ಬೀದಿ ನಾಯಿಗಳಿಗೂ ಗೊತ್ತು. ಅವನೊಬ್ಬನಿಗೆ ಇನ್ನೂ ಯಾರೂ ತಿಳಿಸಿದಂತಿಲ್ಲ. ಎಲ್ಲಿ ಡಾಂಬರಿನ ಹೊಗೆ ಕಂಡರೂ ಅಲ್ಲಿ ಹಾಜರು. ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಬರಿಗಾಲಲ್ಲಿ ಹೊಸ ರಸ್ತೆಯ ಮೇಲೆ ಹತ್ತು ಹೆಜ್ಜೆ ನಡೆದು, ಬೆವರು ಸುರಿಸುತ್ತ ನಿಂತ ಕೆಲಸಗಾರರ ಎದುರಿಗೇ ತೀರ್ಪು ಕೊಡುತ್ತಾನೆ: “ಇದು ರಸ್ತಾ ಅಲ್ಲೋ ತಮ್ಮಾ. ಹಪ್ಪಳ.”

ಮಗಳಿಗೆ ಗಂಡು ನೋಡುವಾಗಲೂ ಹೀಗೇ ಆಯಿತು. ಯಲಬುರ್ಗಾ ಕಡೆಯ ಒಂದು ಊರಿನ ಸಂಬಂಧ. ಹುಡುಗ ಸರ್ಕಾರಿ ನೌಕರ, ಮನೆಯವರು ಮರ್ಯಾದಸ್ಥರು, ಹೊಲ ಇತ್ತು, ಎಮ್ಮೆ ಇದ್ದವು. ನಾವೆಲ್ಲ ಹೋಗಿ ಅವಲಕ್ಕಿ ತಿಂದು, ಸಂತೋಷವಾಗಿ ತಲೆಯಾಡಿಸಿ ಬಸ್ಸು ಹತ್ತಿದೆವು. ಬಸ್ಸು ಊರು ದಾಟಿತೋ ಇಲ್ಲವೋ, ಮಾವ ಬೇಡ ಎಂದುಬಿಟ್ಟ.

“ಯಾಕ್ರಿ ಮಾಮಾ, ಹುಡುಗ ಛಲೋ ಅದಾನಲ್ರಿ,” ಅಂದೆ.

“ಹುಡುಗ ಛಲೋ ಅದಾನ. ಅವರ ಊರಿನ ರಸ್ತಾ ನೋಡಿದೇನು? ನಡುವ ತಗ್ಗ ಬಿದ್ದು ನೀರ ನಿಂತೈತಿ. ನೀರಿಗೆ ಹೋಗಾಕ ದಾರಿ ಕೊಡದ ಮಂದಿ ನನ್ನ ಮಗಳಿಗೆ ಏನ ಕೊಡತಾರ?”

ಕೊನೆಗೆ ಅವಳನ್ನು ತಾವರಗೇರಾಕ್ಕೆ ಕೊಟ್ಟ. ಅಲ್ಲಿಯ ಸಂತೆ ರಸ್ತೆಯ ಇಳಿಜಾರು ಅವನಿಗೆ ಮನಸ್ಸಿಗೆ ಬಂದಿತ್ತಂತೆ. ಅಳಿಯ ಒಳ್ಳೆಯವನಾಗಿ ಸಿಕ್ಕದ್ದು ಅವಳ ಅದೃಷ್ಟ. ಆದರೆ ಮಾವ ಅದರ ಕೀರ್ತಿಯನ್ನು ಇವತ್ತಿಗೂ ಆ ರಸ್ತೆಗೇ ಕೊಡುತ್ತಾನೆ.

ಇನ್ನು ಅವನ ಸಂಗ್ರಹ. ಬೇರೆಯವರು ಊರಿಂದ ಊರಿಗೆ ಹೋದರೆ ಫೇಡೆಯೋ ಬಾಳೆಹಣ್ಣೋ ತರುತ್ತಾರೆ. ಇವನು ಕಿತ್ತ ರಸ್ತೆಯ ಒಂದು ತುಂಡು ತರುತ್ತಾನೆ. ಕೊಪ್ಪಳದ್ದೊಂದು, ಕುಷ್ಟಗಿಯದೊಂದು, ಕಾರಟಗಿಯದೊಂದು ಹೀಗೆ ಡಾಂಬರು ಮೆತ್ತಿದ ಉಂಡೆಗಳನ್ನು ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದಾನೆ. ಹಿತ್ತಾಳೆ ಡಬ್ಬಿ ಇಡಬೇಕಾದ ಜಾಗ ಅದು. ನಮ್ಮ ಅತ್ತೆ ಮೊದಮೊದಲು ಜಗಳವಾಡಿ, ನಡುವೆ ಅತ್ತು, ಕೊನೆಗೆ ಅವುಗಳ ಧೂಳು ಒರೆಸಲು ಶುರುಮಾಡಿದಳು. ಒಮ್ಮೆ ಸಂಕ್ರಾಂತಿಯ ಮರುದಿನ ಅವುಗಳಲ್ಲೊಂದನ್ನು ಎಳ್ಳುಂಡೆ ಎಂದು ಕಚ್ಚಿದ ಮಹಾನುಭಾವ ನಾನೇ. ಆಗ ನನಗೆ ಏಳೆಂಟು ವರ್ಷ ಎಂದು ಹೇಳಿಕೊಳ್ಳುವ ಆಸೆ. ನಿಜವಾಗಿ ಮೂವತ್ತೆರಡು, ಕೊಪ್ಪಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹಲ್ಲು ಹಿಡಿದುಕೊಂಡು ಕೂಗಿದಾಗ ಮಾವ ಓಡಿ ಬಂದ. ಬಂದು ನನ್ನ ಬಾಯಿ ನೋಡಲಿಲ್ಲ, ಉಂಡೆ ನೋಡಿದ.

“ಉಗಳಬ್ಯಾಡೋ, ಅದು ಕಾರಟಗಿದು. ಇನ್ನೊಂದು ಸಿಗಂಗಿಲ್ಲ,” ಅಂದ.

ಸಾಣಾಪುರದ ಕಥೆಯನ್ನೂ ಹೇಳಿಬಿಡುತ್ತೇನೆ. ನಾವಿಬ್ಬರೂ ಯಾರದೋ ಮನೆಯ ಶುಭಕಾರ್ಯಕ್ಕೆ ಆ ಕಡೆ ಹೋಗಿದ್ದೆವು. ಕೆರೆ ನೋಡಲು ಬಂದ ಗಂಡ ಹೆಂಡತಿ ಬಾಡಿಗೆ ಸ್ಕೂಟರ್ ನಿಲ್ಲಿಸಿ ದಾರಿ ಕೇಳಿದರು. ಕೇಳಲಿಕ್ಕೆ ಅವರಿಗೆ ಇವನೇ ಸಿಗಬೇಕೆ? ಅವರನ್ನು ಸ್ಕೂಟರಿನಿಂದ ಇಳಿಸಿ, ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, ಅಂಚು ಹೇಗೆ ಒಡೆಯುತ್ತದೆ, ಯಾಕೆ ಒಡೆಯುತ್ತದೆ ಎಂದು ಅರ್ಧ ತಾಸು ತೋರಿಸಿದ. ಹೊತ್ತು ಮುಳುಗಲಿಕ್ಕೆ ಬಂತು. ಆ ಹೆಣ್ಣುಮಗಳು ಮೆಲ್ಲಗೆ, “ಅಂಕಲ್, ಕೆರೆ…” ಅಂದಳು.

“ಕೆರಿ ಎಲ್ಲಿ ಹೋಗತೈತವ್ವ, ನಾಳಿನೂ ಇರತೈತಿ. ಈ ಅಂಚ ಇರಂಗಿಲ್ಲ. ಈಗ ನೋಡ್ಕೋರಿ.”

ಇಷ್ಟು ಹೊತ್ತು ನಗುತ್ತ ಬರೆದೆ. ಆದರೆ ಮುಂದಿನದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅದು ನಮ್ಮ ಅತ್ತೆಯ ಮೊಣಕಾಲಿಗೆ ಸಂಬಂಧಿಸಿದ್ದು.

ಮಾವನ ಮನೆ ಗಂಗಾವತಿಯ ಒಂದು ಹಳೆಯ ಓಣಿಯಲ್ಲಿದೆ. ಆ ಓಣಿಯ ರಸ್ತೆ ಕೆಟ್ಟಾಗಲೆಲ್ಲ ಹಳೆಯದನ್ನು ಯಾರೂ ಕೀಳುತ್ತಿರಲಿಲ್ಲ. ಅದರ ಮೇಲೇ ಇನ್ನೊಂದು ಪದರ ಡಾಂಬರು ಸುರಿದು ಹೋಗುತ್ತಿದ್ದರು. ಹೀಗೆ ಪದರದ ಮೇಲೆ ಪದರ ಕೂತು ರಸ್ತೆ ಏರುತ್ತ ಹೋಯಿತು, ಮನೆಗಳು ಕೆಳಗೆ ಉಳಿದವು. ಓಣಿಯವರು ಏನು ಮಾಡಿದರು? ಜಗಳ ಮಾಡಿದರೇ? ಅರ್ಜಿ ಕೊಟ್ಟರೇ? ಇಲ್ಲ. ರಸ್ತೆ ನಾಲ್ಕು ಬೆರಳು ಏರಿದರೆ ಇವರೂ ಮನೆಯ ನೆಲಕ್ಕೆ ಮಣ್ಣು ತುಂಬಿ, ಹೊಸ್ತಿಲನ್ನು ನಾಲ್ಕು ಬೆರಳು ಏರಿಸಿಕೊಂಡರು. ಮತ್ತೆ ಡಾಂಬರು ಬಿತ್ತು, ಮತ್ತೆ ಏರಿಸಿಕೊಂಡರು. ಅದೊಂದು ಸಂಪ್ರದಾಯವೇ ಆಗಿಬಿಟ್ಟಿತು. ಹೊಸ ಡಾಂಬರು ಬಿದ್ದ ತಿಂಗಳೊಳಗೆ ಹೊಸ್ತಿಲು ಏರಿಸಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಓಣಿಗೆಲ್ಲ ಸಿಹಿ ಹಂಚುವುದು. ನೆಲ ಏರಿತು, ಬಾಗಿಲು ಮಾತ್ರ ಮೊದಲಿನದೇ. ಎದುರುಮನೆಯ ಅಡತಿ ಅಂಗಡಿಯ ಗುಮಾಸ್ತ ಮೂರು ಸಲ ಏರಿಸಿದ್ದ. ಈಗ ಅವನು ತನ್ನ ಮನೆಗೆ ತಾನೇ ನಮಸ್ಕಾರ ಮಾಡುತ್ತ ಒಳಗೆ ಹೋಗಬೇಕು, ಇಲ್ಲವಾದರೆ ಹಣೆಗೆ ಚೌಕಟ್ಟು ಬಡಿಯುತ್ತದೆ.

ಇಡೀ ಓಣಿಯಲ್ಲಿ ಏರಿಸದವನು ನಮ್ಮ ಮಾವ ಒಬ್ಬನೇ. ಆ ರಸ್ತೆಯ ಮೊದಲ ಪದರ ಹಾಕಿದ ಗ್ಯಾಂಗಿನ ಮೇಸ್ತ್ರಿ ಅವನು. ಆಗ ರಸ್ತೆಯೂ ಅವನ ಹೊಸ್ತಿಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು, ನಡುವೆ ನಾಲ್ಕೇ ಬೆರಳು. ಬರಬರುತ್ತ ರಸ್ತೆ ಅವನ ಹೊಸ್ತಿಲಿಗಿಂತ ಒಂದೂವರೆ ಅಡಿ ಮೇಲೆ ಹೋಯಿತು. ಅವನ ಮನೆಗೆ ಹೋಗಬೇಕೆಂದರೆ ಮೂರು ಮೆಟ್ಟಿಲು ಕೆಳಗೆ ಇಳಿಯಬೇಕಿತ್ತು, ಹಳೆಯ ಬಾವಿಗೆ ಇಳಿದ ಹಾಗೆ. ಮಳೆ ಬಂದರೆ ನೀರಿಗೆ ಆ ಮೆಟ್ಟಿಲು ಯಾರೂ ತೋರಿಸಬೇಕಾಗಿರಲಿಲ್ಲ. ಅತ್ತೆ ತಟ್ಟೆ ಹಿಡಿದು ನೀರು ಗೋರುತ್ತಿದ್ದರೆ, ಮಾವ ಹೊಸ್ತಿಲಲ್ಲಿ ನಿಂತು ರಸ್ತೆಯನ್ನು ಬೈಯುತ್ತಿದ್ದ.

“ಎಲ್ಲಾರೂ ಏರಸ್ಯಾರ್ರಿ, ನೀವೂ ಏರಸ್ರಿ ಮಾಮಾ,” ಎಂದು ಎಷ್ಟು ಸಲ ಹೇಳಿದ್ದೇನೋ.

“ಮನಿ ತನ್ನ ಜಾಗಾದಾಗ ಐತಿ. ತಪ್ಪ ಮಾಡಿದ್ದು ರಸ್ತಾ. ತಪ್ಪ ಮಾಡಿದವರು ಇಳೀಬೇಕು. ಮಾಡದವರು ಯಾಕ ಏರಬೇಕು?”

“ಅತ್ತಿ ಮಣಕಾಲ ನೋಡ್ರಿ. ಅವರಿಗೆ ಮೂರು ಪಾವಟಿಗಿ ಹತ್ತಾಕ ಆಗವಲ್ತು.”

“ಇವತ್ತ ನಾ ಏರಸ್ತೀನಿ. ನಾಳಿ ಅವರು ಮತ್ತ ಡಾಂಬರ ಹಾಕತಾರ. ಮತ್ತ ಏರಸ್ಬೇಕು. ಆಮ್ಯಾಲೆ? ಜಂತಿ ಮ್ಯಾಲೆ ಕುಂದ್ರಸಲೇನು ನಿಮ್ಮತ್ತಿನ್ನ?”

ಉತ್ತರ ಇತ್ತು ನೋಡಿ ಅವನ ಬಳಿ, ಯಾವಾಗಲೂ ಇರುತ್ತದೆ. ಅತ್ತೆಗೆ ಮಾತ್ರ ಉತ್ತರ ಬೇಕಿರಲಿಲ್ಲ, ಹೊರಗೆ ಹೋಗುವುದು ಬೇಕಿತ್ತು. ನಾಲ್ಕು ವರ್ಷದಿಂದ ಅವಳು ಓಣಿಗೆ ಕಾಲಿಟ್ಟಿರಲಿಲ್ಲ. ಆಸ್ಪತ್ರೆಗೆ ಒಯ್ಯಬೇಕಾದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾವು ಇಬ್ಬರು ಎತ್ತಿ ಮೇಲೆ ತರುತ್ತಿದ್ದೆವು. ಉಳಿದ ದಿನ ಬಾಗಿಲ ಒಳಗೆ ಕೂತಿರುತ್ತಿದ್ದಳು. ಅಲ್ಲಿಂದ ಅವಳಿಗೆ ರಸ್ತೆಯ ಮೇಲೆ ಹೋಗುವವರ ಕಾಲು ಮಾತ್ರ ಕಾಣುತ್ತಿದ್ದವು. ಚಪ್ಪಲಿ, ಸೀರೆಯ ಅಂಚು, ಸೈಕಲ್ಲಿನ ಗಾಲಿ. ಕಾಲು ನೋಡಿಯೇ ಯಾರು, ಎಲ್ಲಿಗೆ ಹೊರಟರು, ಸಿಟ್ಟಿನಲ್ಲಿದ್ದಾರೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದಳು. ನಾನು ಮೆಟ್ಟಿಲು ಇಳಿಯುವ ಮೊದಲೇ, “ಹೊಸ ಚಪ್ಪಲ್ ಕಚ್ಚತಾವೇನೋ?” ಎಂದು ಒಳಗಿಂದ ಕೇಳುತ್ತಿದ್ದಳು. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಹೊರಗೆ ಬಂದಾಗ ನನಗೆ ಮಾವನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಯನ್ನು ತಗ್ಗಿನಲ್ಲಿ ಕೂರಿಸಿ ಹಟ ಸಾಧಿಸುವ ಮನುಷ್ಯನಿಗೆ ಏನು ಅನ್ನಬೇಕು ನೀವೇ ಹೇಳಿ. ನಾನು ಮನಸ್ಸಿನಲ್ಲಿ ಎಲ್ಲವನ್ನೂ ಅಂದಿದ್ದೇನೆ.

ಹೀಗಿರುವಾಗ ಓಣಿಗೆ ಹೊಸ ಸುದ್ದಿ ಬಂತು. ಈ ಸಲ ಹೊಸ ಡಾಂಬರು ಮೇಲೆ ಸುರಿಯುವುದಿಲ್ಲವಂತೆ. ಒಂದು ದೊಡ್ಡ ಯಂತ್ರ ಬಂದು ಹಳೆಯ ರಸ್ತೆಯನ್ನು ಕೆರೆದು, ಪುಡಿಮಾಡಿ, ಅದಕ್ಕೇ ಸ್ವಲ್ಪ ಸಿಮೆಂಟು, ಸ್ವಲ್ಪ ಡಾಂಬರಿನ ದ್ರಾವಣ ಕಲೆಸಿ, ಅದನ್ನೇ ಮತ್ತೆ ಹಾಸುತ್ತದಂತೆ. ಹಳೆಯ ರಸ್ತೆಯಿಂದಲೇ ಹೊಸ ರಸ್ತೆ. ಹೊಸ ಕಡಿಗಾಗಿ ಗುಡ್ಡ ಒಡೆಯುವುದು ತಪ್ಪುತ್ತದೆ ಎಂದು ವಿವರಿಸಲು ಒಬ್ಬ ಇಂಜಿನಿಯರ್ ಬಂದಳು. ಚಿಕ್ಕ ವಯಸ್ಸಿನವಳು, ತಲೆಗೆ ಹಳದಿ ಟೊಪ್ಪಿಗೆ, ಕೈಯಲ್ಲಿ ನಕ್ಷೆ. ಪಾಪ, ಅವಳಿಗೆ ನಮ್ಮ ಮಾವನ ಬಗ್ಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ.

“ಉಂಡ ತಾಟ ಬಳದು ಮತ್ತ ಅದನ್ನ ಬಡಸೂ ಕೆಲಸ ಇದು,” ಅಂದ ಮಾವ.

“ಹಂಗಲ್ರಿ ಅಜ್ಜಾರ, ಕಡಿ ಹಳೇದಾದ್ರೂ ಕೆಟ್ಟಿರಂಗಿಲ್ಲ. ಅದನ್ನ ಯಾಕ ಚೆಲ್ಲಬೇಕ್ರಿ?”

ಅಜ್ಜ ಎಂದದ್ದು ಅವನಿಗೆ ಹಿಡಿಸಲಿಲ್ಲ. ಕಡಿ ಕೆಟ್ಟಿರುವುದಿಲ್ಲ ಎಂದದ್ದು ಹಿಡಿಸಿತು. “ಎಲ್ಲಾ ಕೆರೀತೀರೇನು? ಕೆಳಗಿನತನಕ?” ಎಂದು ಕೇಳಿದ. ಅವಳು ಹೌದು ಅಂದಳು. ಮಾವನ ಮುಖ ನೋಡಬೇಕಿತ್ತು! ಯಾವ ಯಂತ್ರವನ್ನು ಹೀಯಾಳಿಸಿದ್ದನೋ ಅದರ ಹೆಸರಿನಲ್ಲೇ ಮರುದಿನ ಬೆಳಿಗ್ಗೆ ದೇವರ ಮುಂದೆ ಊದಿನಕಡ್ಡಿ ಹಚ್ಚಿದ. ಎಲ್ಲ ಕೆರೆದರೆ ರಸ್ತೆ ಕೆಳಗೆ ಇಳಿಯುತ್ತದಲ್ಲ, ಇಳಿದರೆ ಅವನ ಹೊಸ್ತಿಲಿಗೆ ಸರಿಯಾಗುತ್ತದಲ್ಲ! ಅತ್ತೆಗೆ, “ಇನ್ನ ಎರಡ ತಿಂಗಳು ತಡೀ,” ಅಂದನಂತೆ. ಅವಳು ನನಗೆ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಆಸೆ ಇತ್ತು. ನನಗೆ ಹೆದರಿಕೆಯಾಯಿತು, ಯಾಕೆಂದರೆ ನಮ್ಮ ಮಾವ ಅರ್ಧ ಕೇಳಿಸಿಕೊಂಡು ಪೂರ್ತಿ ನಂಬುವವನು.

ಆದದ್ದೂ ಹಾಗೆಯೇ. ನಾನು ಗಂಗಾವತಿಗೆ ಹೋಗಿದ್ದ ಭಾನುವಾರ ಇಂಜಿನಿಯರ್ ಮತ್ತೆ ಬಂದಿದ್ದಳು. ಮಾವ ಮಟ್ಟದ ಮಾತು ತೆಗೆದ. ಅವಳು ನಕ್ಷೆ ಬಿಡಿಸಿ, “ಲೆವೆಲ್ ಈಗ ಇದ್ದಷ್ಟ ಇರತೈತ್ರಿ. ಕೆರದದ್ದನ್ನೆಲ್ಲಾ ಅಲ್ಲೇ ಹಾಸತೀವಲ್ರಿ,” ಅಂದಳು.

ಲೆಕ್ಕ ಸರಿಯಾಗಿತ್ತು. ಒಂದೂವರೆ ಅಡಿ ಕೆರೆದು ಒಂದೂವರೆ ಅಡಿ ಹಾಸಿದರೆ ರಸ್ತೆ ಇಳಿಯುವುದು ಹೇಗೆ? ಇಷ್ಟು ಹಿಟ್ಟಿಗೆ ಇಷ್ಟು ರೊಟ್ಟಿ ಎಂಬುದು ಅತ್ತೆಗೂ ಗೊತ್ತಿತ್ತು. ಬಾಗಿಲ ಒಳಗೆ ಕೂತು ಕೇಳಿಸಿಕೊಂಡಳು. ಮಾವ ಮಾತ್ರ ಬಾಯಿ ಬಾಯಿ ಬಿಟ್ಟ.

“ಹೆಚ್ಚಿಂದನ್ನ ತಗದು ಒಯ್ದುಬಿಡ್ರಿ.”

“ಎಲ್ಲಿ ಒಯ್ಯೂದ್ರಿ? ಎಲ್ಲಿ ಬೇಕಾದ್ರ ಅಲ್ಲಿ ಸುರವಾಕ ಬರಂಗಿಲ್ಲ. ಇಂಥಾ ಕಡೆ ರಸ್ತಾ ಬೇಕಂತ ಯಾರರ ಕೇಳಿರಬೇಕು, ಜಾಗ ಇರಬೇಕು. ಆಮ್ಯಾಲೆ ಈ ಓಣಿಯವರು ಒಪ್ಪಬೇಕು.”

ಜಾಗ ಹುಡುಕುವುದು ಅವನಿಗೆ ಕಷ್ಟವಾಗಲಿಲ್ಲ. ಕಾಲುವೆಯ ಆಚೆ ಹೊಸದಾಗಿ ಎದ್ದ ಬಡಾವಣೆಯಲ್ಲಿ ರಸ್ತೆಯೇ ಇರಲಿಲ್ಲ, ಮಳೆಗಾಲದಲ್ಲಿ ಮಕ್ಕಳು ಮೊಣಕಾಲುದ್ದ ಕೆಸರಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಮಾವ ಅಲ್ಲಿಗೆ ಹೋಗಿ ಭಾಷಣ ಮಾಡಿ, ನಾಲ್ಕು ದಿನದಲ್ಲಿ ಇಪ್ಪತ್ತು ಮಂದಿಯ ಸಹಿ ತಂದ. ನಿಮ್ಮ ಓಣಿಯ ಹಳೇ ರಸ್ತೆ ನಮಗೆ ಕೊಡಿ ಎಂದು ಅರ್ಜಿ ಬರೆದ ಊರು ಇದೇ ಮೊದಲಿರಬೇಕು.

ಓಣಿಯವರನ್ನು ಒಪ್ಪಿಸುವುದು ಬೇರೆ ಮಾತು. ಬೇವಿನ ಗಿಡದ ಕೆಳಗೆ ಎಲ್ಲರೂ ಸೇರಿದರು. ಇಂಜಿನಿಯರಿಗೆ ಕುರ್ಚಿ ಹಾಕಿದರು. ಎದುರುಮನೆಯ ಗುಮಾಸ್ತ ಮೊದಲು ಎದ್ದ.

“ನಾವೆಲ್ಲಾ ಕಷ್ಟಪಟ್ಟು ಮನಿ ಏರಸೇವ್ರಿ ಮೇಡಂ. ಈಗ ರಸ್ತಾ ಒಂದೂವರಿ ಅಡಿ ಇಳಿದ್ರ ನಾವೆಲ್ಲಾ ಅಟ್ಟದ ಮ್ಯಾಲೆ ಕುಂತಂಗ ಆಗತೈತಿ. ಇವರೊಬ್ಬರ ಹಟಕ್ಕ ಒಂಬತ್ತು ಮನಿಯವರು ಜಿಗದು ಇಳೀಬೇಕೇನ್ರಿ?”

ನಿಜ ಹೇಳುತ್ತೇನೆ, ಗುಮಾಸ್ತನ ಮಾತಿನಲ್ಲಿ ತಪ್ಪಿರಲಿಲ್ಲ. ಮಾವ ಎದ್ದು ನಿಂತು ಎಲ್ಲರನ್ನೂ ಬೈದ. ರಸ್ತೆ ಏರಿದಾಗ ಕೇಳುವ ಧೈರ್ಯ ಇಲ್ಲದೆ ಕಾಯಿ ಒಡೆದು ಸಿಹಿ ಹಂಚಿದವರು ನೀವು ಎಂದ. ಅದೂ ತಪ್ಪಿರಲಿಲ್ಲ. ಆದರೆ ಬೈಸಿಕೊಂಡವರು ಸಹಿ ಹಾಕುತ್ತಾರೆಯೇ? ಈ ಸಣ್ಣ ವಿಷಯ ಅವನ ತಲೆಗೆ ಎಂದೂ ಹೋಗಿಲ್ಲ. ನನಗೆ ನಾಚಿಕೆಯಾಗಿ ಬೇವಿನ ಗಿಡದ ಹಿಂದೆ ಸರಿದು ನಿಂತೆ.

ಜಗಳ ಕೇಳಿ ಕೇಳಿ ಇಂಜಿನಿಯರಿಗೆ ತಲೆ ಕೆಟ್ಟಿರಬೇಕು. “ಮೊದಲಿನ ರಸ್ತಾ ಎಲ್ಲಿಗೆ ಇತ್ತು, ಅದನ್ನಾದ್ರೂ ಹೇಳ್ರಿ,” ಎಂದಳು. ಒಬ್ಬೊಬ್ಬರು ಒಂದೊಂದು ಎತ್ತರ ತೋರಿಸಿದರು. ಒಬ್ಬ ಮೊಣಕಾಲು ಮುಟ್ಟಿದ, ಒಬ್ಬ ಪಾದ ಮುಟ್ಟಿದ. ಎಲ್ಲರ ಹೊಸ್ತಿಲೂ ಎರಡು ಮೂರು ಸಲ ಜಾಗ ಬಿಟ್ಟು ಎದ್ದಿದ್ದವು, ಸಾಕ್ಷಿ ಹೇಳಲು ಯಾವುದಕ್ಕೂ ಬಾಯಿ ಇರಲಿಲ್ಲ. ಓಣಿಯಲ್ಲಿ ಇದ್ದ ಜಾಗದಿಂದ ಅಲುಗಾಡದೆ ಉಳಿದದ್ದು ಒಂದೇ ಕಲ್ಲು, ನಮ್ಮ ಮಾವನ ಹೊಸ್ತಿಲು. ಅವಳು ಅದರ ಎದುರಿಗೇ ರಸ್ತೆಯಲ್ಲಿ ಒಂದು ತಗ್ಗು ತೋಡಿಸಿದಳು.

ತಗ್ಗಿನ ಬದಿಯಲ್ಲಿ ಡಾಂಬರಿನ ಪದರಗಳು ಒಂದರ ಮೇಲೊಂದು ಕಾಣಿಸಿದವು. ಮಾವ ಅಂಚಿನಲ್ಲಿ ಕುಕ್ಕರಿಸಿ ಮೇಲಿಂದ ಶುರುಮಾಡಿದ.

“ಇದು ಮಂತ್ರಿ ಬರತಾರಂತ ಹಾಕಿದ್ದು. ಇದು ಅವರು ಬಾರದ ಮ್ಯಾಲೆ ಉಳದಿದ್ದನ್ನ ತಂದು ಹಾಕಿದ್ದು. ಇದು ನೀರಿನ ಪೈಪ್ ಹಾಕಾಕ ಕಡದು ಮುಚ್ಚಿ ಹಾಕಿದ್ದು. ಇದು ಒಳಗ ಪೈಪ್ ಹಾಕೂದು ಮರತೈತಂತ ಮತ್ತ ಕಡದು ಹಾಕಿದ್ದು.”

“ಎಲ್ಲಾದಕ್ಕೂ ಕೆಳಗ ಐತಲ್ರಿ, ಅದು?”

“ಅದು ರಸ್ತಾ. ನಾ ಹಾಕಿದ್ದು. ಒಂಬತ್ತು ಇಂಚ ಕಡಿ ಹಾಸೀನಿ, ಅಳದ ನೋಡ್ರಿ.”

ಅವಳು ಟೇಪು ಇಳಿಸಿ ಅಳೆದಳು. ಆರೂವರೆ ಇಂಚು ಬಂತು. ಓಣಿಯೆಲ್ಲ ನಕ್ಕಿತು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಎಷ್ಟು ವರ್ಷ ಕಾದಿದ್ದೆ ಅದಕ್ಕೆ!

“ಉಳಿದದ್ದು ಭೂಮಿ ನುಂಗೈತಿ,” ಅಂದ ಮಾವ, ಕಣ್ಣು ಮಿಟುಕಿಸದೆ.

ಬಾಗಿಲ ಒಳಗಿಂದ ಅತ್ತೆಯ ದನಿ ಬಂತು: “ಇವರ ಮಾತೆಲ್ಲಾ ಹಿಂಗ ಟೇಪ ಹಿಡದು ಅಳೀಬೇಕಿತ್ರಿ ಮೇಡಂ, ನಾ ಬರೇ ನಂಬಿಕೋಂತ ಬಂದೆ.”

ಆದರೆ ಮೊದಲಿನ ಮಟ್ಟ ಸಿಕ್ಕಿತು. ಅವನ ಹೊಸ್ತಿಲಿಗಿಂತ ನಾಲ್ಕು ಬೆರಳು ಕೆಳಗೆ, ಅವನು ಯಾವಾಗಲೂ ಹೇಳುತ್ತಿದ್ದ ಜಾಗದಲ್ಲೇ. ಇಂಜಿನಿಯರ್ ಅಲ್ಲಿಂದ ಓಣಿಯ ತುದಿಯ ಗಟಾರದವರೆಗೆ ಮಟ್ಟ ನೋಡುವ ದುರ್ಬೀನು ಇಟ್ಟು ನೋಡಿದಳು. ರಸ್ತೆ ಹಳೆಯ ಮಟ್ಟಕ್ಕೆ ಬಂದರೆ ಮಳೆನೀರು ತಾನಾಗಿ ಗಟಾರಕ್ಕೆ ಹರಿಯುತ್ತದೆ, ಈಗಿನ ಎತ್ತರದಲ್ಲಿ ಅದು ನಡುದಾರಿಯಲ್ಲೇ ತಿರುಗಿ ಎರಡೂ ಕಡೆಯ ಹಿತ್ತಲಿಗೆ ನುಗ್ಗುತ್ತದೆ. ಹಿತ್ತಲಿಗೆ ನೀರು ಬರುವುದು ಒಂಬತ್ತೂ ಮನೆಯವರಿಗೆ ಗೊತ್ತಿತ್ತು, ಅದು ದೇವರ ಇಚ್ಛೆ ಎಂದುಕೊಂಡಿದ್ದರು. ಅವಳು ಸುಣ್ಣದ ಡಬ್ಬಿ ತರಿಸಿ ಮಾವನ ಹೊಸ್ತಿಲಿನ ಬದಿಗೆ ಒಂದು ಗೆರೆ ಎಳೆದು, “ಇನ್ನ ಇಡೀ ಓಣಿ ಕೆಲಸಕ್ಕ ಇದ ನಮಗ ಆಧಾರ್ರಿ. ಈ ಕಲ್ಲು ಯಾರೂ ಮುಟ್ಟಬ್ಯಾಡ್ರಿ,” ಅಂದಳು.

ಅವನ ಜಂಭ ಇನ್ನು ಯಾರು ತಡೆಯುತ್ತಾರೆ ಎಂದು ನಾನು ತಲೆ ಮೇಲೆ ಕೈ ಹೊತ್ತೆ. ಅಷ್ಟರಲ್ಲಿ ಗುಮಾಸ್ತ ಮತ್ತೆ ಎದ್ದ. ಈ ಸಲ ಅವನ ದನಿ ತಗ್ಗಿತ್ತು.

“ನೀರಿನ ಮಾತು ಒಪ್ಪಿದೆವ್ರಿ. ಆದ್ರ ನಮ್ಮ ಮನ್ಯಾಗೂ ವಯಸ್ಸಾದವರು ಅದಾರ. ಪಾವಟಿಗಿ ಯಾರು ಕಟ್ಟಿಕೊಡತಾರ?”

 ಇಂಜಿನಿಯರ್ ನಕ್ಷೆ ತಿರುವಿ ಹಾಕಿದಳು. ಅದರಲ್ಲಿ ಮೆಟ್ಟಿಲು ಇರಲಿಲ್ಲ. ಮಾವ ಎದುರುಮನೆಯ ಕಟ್ಟೆಯ ಕಡೆ ಒಂದು ಸಲ ನೋಡಿದ. ಅಲ್ಲಿ ಗುಮಾಸ್ತನ ತಾಯಿ ಕೋಲು ಹಿಡಿದು ಕೂತಿದ್ದಳು.

“ನಾ ಕಟ್ಟತೀನಿ,” ಅಂದ.

“ಒಂಬತ್ತು ಮನಿಗೂ?”

“ಒಂಬತ್ತು ಮನಿಗೂ. ಮುದುಕರಿಗೆ ಹತ್ತಾಕ ಆಗೂವಂಗ, ಸಣ್ಣ ಎತ್ತರ, ಅಗಲ ಪಾವಟಿಗಿ, ಬಾಜೂಕ ಹಿಡಕೊಳ್ಳಾಕ ಪೈಪು. ನಿಮ್ಮಂಗ ತಲಿ ಬಡಕೊಳ್ಳೂ ಬಾಗಲಾ ಅಲ್ಲ.”

ಕೊನೆಯ ಮಾತು ಬೇಕಿತ್ತೇ? ಬೇಕಿರಲಿಲ್ಲ. ಆದರೂ ಒಂಬತ್ತು ಮನೆಯವರೂ ಸಹಿ ಹಾಕಿದರು.

ಯಂತ್ರ ಬಂತು. ಎರಡು ದಿನದಲ್ಲಿ ಅಷ್ಟು ವರ್ಷಗಳ ಡಾಂಬರನ್ನು ಕೆರೆದು ರಾಶಿ ಹಾಕಿತು. ಹೆಚ್ಚಿನದು ಲಾರಿಯಲ್ಲಿ ಕಾಲುವೆಯ ಆಚೆಗೆ ಹೋಯಿತು, ಉಳಿದದ್ದು ಕಲೆಸಿ ಹಾಸಲು ಓಣಿಯ ತುದಿಯಲ್ಲಿ ಕಾದಿತ್ತು. ನಡುವೆ ಸಿಕ್ಕ ಮೂರು ವಾರದಲ್ಲಿ ಮಾವ ಮೆಟ್ಟಿಲು ಕಟ್ಟಿದ. ಎಪ್ಪತ್ತರ ಮುದುಕ ಕರಣಿ ಹಿಡಿದು ಮನೆಯಿಂದ ಮನೆಗೆ ಹೋಗುತ್ತ, ಪ್ರತಿ ಮನೆಯವರನ್ನೂ ಅವರ ಮುಖದೆದುರಿಗೇ ಬೈಯುತ್ತ ಕಟ್ಟಿದ. ಅವರು ಬೈಸಿಕೊಳ್ಳುತ್ತ ಚಹಾ ಕೊಟ್ಟರು, ಮಿರ್ಚಿ ಭಜಿ ಕೊಟ್ಟರು. ನನಗೆ ಬೇಸಿಗೆ ರಜೆ ಇತ್ತು, ಉಸುಕು ಹೊರಲು ಫೋನ್ ಮಾಡಿ ಕರೆಸಿಕೊಂಡ. ವಿಜ್ಞಾನ ಶಿಕ್ಷಕನಿಗೆ ಉಸುಕಿನ ಪುಟ್ಟಿ ಹಿಡಿಯಲು ಬರುವುದಿಲ್ಲ ಎಂದು ಇಡೀ ಓಣಿಗೆ ಸಾರಿದ. ಗುಮಾಸ್ತನ ತಾಯಿ ಹೊಸ ಮೆಟ್ಟಿಲು ಇಳಿದು ಹತ್ತಿ ನೋಡಿ ಕೈ ಮುಗಿದಾಗ ಮಾತ್ರ ಅವನಿಗೆ ಬೈಗುಳ ಸಿಗಲಿಲ್ಲ. “ಇನ್ನೊಮ್ಮೆ ಹತ್ರಿ, ಎರಡನೇದು ಎತ್ತರ ಆತೇನ ನೋಡೂಣು,” ಎಂದು ಗೊಣಗಿದ.

ಆಮೇಲೆ ರಸ್ತೆ ಹಾಸಿದರು. ರೋಲರ್ ಓಡಾಡಿ ಹೋದ ಮೇಲೆ ಇಂಜಿನಿಯರ್, ಮೂರು ದಿನ ಗಾಡಿ ಬಿಡಬೇಡಿ, ಗಟ್ಟಿಯಾಗಲಿ ಎಂದು ಹೇಳಿದಳು. ಹೇಳಬಾರದವನಿಗೆ ಹೇಳಿದಳು. ಗಾಡಿ ಹಾಗಿರಲಿ, ಮಾವ ಮನುಷ್ಯರನ್ನೂ ಬಿಡಲಿಲ್ಲ. ಎರಡೂ ತುದಿಗೆ ಹಗ್ಗ ಕಟ್ಟಿ, ಒಂದು ತುದಿಗೆ ತಾನು, ಇನ್ನೊಂದಕ್ಕೆ ನಾನು. ಓಣಿಯವರೆಲ್ಲ ಹಿತ್ತಲ ದಾರಿಯಿಂದ ಓಡಾಡಬೇಕು. ಹಾಲಿನವನನ್ನು ತಿರುಗಿಸಿದ, ಬೈಕಿನಲ್ಲಿ ಬಂದ ಸೂಪರ್‌ವೈಸರನ್ನು ತಿರುಗಿಸಿದ, ಯಾರದೋ ಕೋಳಿಯ ಹಿಂದೆ ಕೋಲು ಹಿಡಿದು ಓಡಿದ. ಮದುವೆಗೆ ಕರೆಯಲು ಬಂದವರು ಹಗ್ಗದ ಆಚೆಯಿಂದಲೇ ಕೂಗಿ ಕರೆದು, ಪತ್ರಿಕೆ ನನ್ನ ಕೈಗೆ ಕೊಟ್ಟು ಹೋದರು. ನಡೆಯುವವರಿಂದ ಏನೂ ಆಗುವುದಿಲ್ಲ ಮಾಮಾ ಅಂದರೆ, “ನಿನಗ ಏನ ಗೊತ್ತು, ಎಳ್ಳುಂಡಿ ತಿನ್ನಾವ,” ಅಂದ. ಮೂರು ದಿನ ಆ ಬಿಸಿಲಿನಲ್ಲಿ ನಿಂತು ನಾನು ಅವನನ್ನು ಶಪಿಸಿದ್ದಕ್ಕೆ ಲೆಕ್ಕವಿಲ್ಲ.

ಮೂರನೆಯ ದಿನ ಸಂಜೆ ಐದರ ಸುಮಾರು. ಮರುದಿನ ಬೆಳಿಗ್ಗೆ ಹಗ್ಗ ಬಿಚ್ಚುವುದಿತ್ತು. ನೋಡುತ್ತೇನೆ, ಮಾವ ತನ್ನ ತುದಿ ಬಿಟ್ಟು ಮನೆಯ ಮುಂದೆ ನಿಂತಿದ್ದಾನೆ. ಚಪ್ಪಲಿ ಕಳಚಿ, ಅಂಗಾಲಿನಿಂದ ರಸ್ತೆ ಮುಟ್ಟಿ, ಬಿಸಿ ಇದೆಯೋ ಇಲ್ಲವೋ ನೋಡಿದ. ಆಮೇಲೆ ಒಳಗೆ ಮುಖ ಮಾಡಿ ಕರೆದ.

“ಬಾ ಹೊರಗ.”

“ನಾಳಿ ಬರತೀನ್ರಿ. ಯಾರೂ ಕಾಲಿಡಬಾರದು ಅಂದೀರಲ್ಲ.”

“ನಾಳಿ ಗಾಡಿ ಬಿಡತಾರ. ಟ್ರ್ಯಾಕ್ಟರ್ ಬರತಾವ, ಆಟೋ ಬರತಾವ, ನೀ ಗ್ವಾಡಿ ಹಿಡಕೊಂಡು ನಡೀಬೇಕು. ಇವತ್ತ ಯಾರೂ ಇಲ್ಲ. ನಡುವಿಂದ ನಡೀ.”

ಅತ್ತೆ ಹೊಸ್ತಿಲಿಗೆ ಬಂದಳು. ಚೌಕಟ್ಟು ಹಿಡಿದು ಒಂದು ಕಾಲು ಹೊರಗಿಟ್ಟಳು, ನಾಲ್ಕೇ ಬೆರಳು ಕೆಳಗೆ. ಇನ್ನೊಂದು ಕಾಲು ಇಟ್ಟಳು. ನಾಲ್ಕು ವರ್ಷದ ಮೇಲೆ ಅವಳು ಬೀದಿಯಲ್ಲಿ ನಿಂತಿದ್ದಳು, ಯಾರೂ ಎತ್ತದೆ, ಕುರ್ಚಿ ಇಲ್ಲದೆ. ಸೆರಗು ಸರಿಮಾಡಿಕೊಂಡು ನಡೆದಳು. ಮಾವ ಅವಳ ಕೈ ಹಿಡಿಯಲಿಲ್ಲ, ಹಿಡಿಯುವ ಪೈಕಿಯೂ ಅಲ್ಲ. ಅರ್ಧ ಹೆಜ್ಜೆ ಹಿಂದೆ ಉಳಿದು, ಅವಳ ಮೊಣಕೈಯ ಕೆಳಗೆ, ತಾಗದ ಹಾಗೆ, ಒಂದು ಕೈ ಒಡ್ಡಿಕೊಂಡು ನಡೆದ. ಅವಳು ಏನೋ ಹೇಳುತ್ತಿದ್ದಳು, ಅವನು ಹೂಂ ಅನ್ನುತ್ತಿದ್ದ. ಬೇವಿನ ಗಿಡದ ಹತ್ತಿರ ಅವಳು ದಣಿದು ನಿಂತಾಗ ಅವನೂ ನಿಂತ, ಮತ್ತೆ ಹೊರಟಾಗ ಹೊರಟ. ಓಣಿಯವರು ಹೊಸ ಮೆಟ್ಟಿಲುಗಳ ಮೇಲೆ ಬಂದು ನಿಂತು ನೋಡಿದರು.   ಇಷ್ಟು ವರ್ಷ ಈ ಮನುಷ್ಯನನ್ನು ಎಷ್ಟು ತಪ್ಪು ತಿಳಿದಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ನನ್ನ ತುದಿಗೆ ಒಂದು ಆಟೋ ಬಂದು ಹಾರ್ನ್ ಹೊಡೆಯಿತು. ಒಳಗೆ ಬಿಡಿ ಎಂದು ಚಾಲಕ ಕೈ ಸನ್ನೆ ಮಾಡಿದ. ನಾನು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದೆ.

“ರಸ್ತಾ ಇನ್ನೂ ಹಸಿ ಐತ್ರಿ. ನಾಳಿ ಬರ್ರಿ.”

“ಹಸಿ ಇದ್ರ ಅಲ್ಲಿ ಇಬ್ಬರು ನಡದಾರಲ್ರಿ?”

“ಅವರು ರಸ್ತಾ ಪಾಸ್ ಮಾಡಾಕ ಬಂದ ಸಾಹೇಬ್ರು,” ಅಂದೆ. “ತಡಾ ಆಗತೈತಿ. ಹಾರ್ನ್ ಹೊಡೀಬ್ಯಾಡ್ರಿ.”